ಆಟದ ಊರಿನ ಮೂರನೇ ಮನೆ

ಹುಬ್ಬಳ್ಳಿ, ಫೆಬ್ರವರಿ ಮೂವತ್ತು, ೨೧೭೬

ನೂರೈವತ್ತು ವರ್ಷ ಹಿಂದಿನ ತಾಯಂದಿರಿಗೆ, ತಂದೆಯಂದಿರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಎಲ್ಲ ತಿಂಗಳಿಗೂ ಮೂವತ್ತು ದಿನ ಎಂದು ಗೊತ್ತುಮಾಡಿ ನಮ್ಮಲ್ಲಿ ಬಹಳ ಕಾಲವಾಯಿತು. ನನ್ನ ಮಾತಿನಲ್ಲಿ ಇನ್ನೂ ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕ್ಷಮಿಸಿ. ಬರೆಯುವುದು ನನ್ನ ಕಸುಬಲ್ಲ. ನಾನು ನೆರಳುಪಡೆಯವಳು. ಬಿಸಿಲು ಏರುವ ಮೊದಲು ಬೀದಿಗಳ ಮೇಲೆ ದಪ್ಪ ಬಟ್ಟೆ ಎಳೆದು ಕಟ್ಟುವುದು, ನಡುಹಗಲು ಅದು ಹಾರಿಹೋಗದಂತೆ ಕಾಯುವುದು, ಸಂಜೆ ಬಿಚ್ಚಿ ಸುತ್ತಿಡುವುದು ನಮ್ಮ ಕೆಲಸ. ಹನ್ನೊಂದರಿಂದ ನಾಲ್ಕರವರೆಗೆ ಬಾಗಿಲುಹೊತ್ತು. ಆಗ ಶಾಲೆ, ಅಂಗಡಿ ಎಲ್ಲ ಮುಚ್ಚಿರುತ್ತವೆ, ಮಕ್ಕಳು ಮನೆಯಲ್ಲೇ ಇರಬೇಕು. ಆ ಐದು ತಾಸು ಅವರು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಕಾಲದ ಉತ್ತರವೂ ನಿಮ್ಮದೇ: ಆಟದ ಪೆಟ್ಟಿಗೆ.

ನನ್ನ ಮಗಳು ಚಂಪಾಗೆ ಹತ್ತು ವರ್ಷ. ಮನೆಯಲ್ಲಿ ನಾವಿಬ್ಬರೇ. ಅವಳದು ಊರು ಕಟ್ಟುವ ಆಟ. ಬಾವಿ ತೋಡುತ್ತಾಳೆ, ಮನೆ ಕಟ್ಟುತ್ತಾಳೆ, ಸಂತೆಗೆ ಜಾಗ ಬಿಡುತ್ತಾಳೆ. ಎಲ್ಲೆಲ್ಲಿಯವರೋ ಜಾಲದ ಮೂಲಕ ಬಂದು ಕೈಜೋಡಿಸುತ್ತಾರೆ, ಮಾತಾಡುತ್ತಾರೆ. ನಾನು ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ.

ಕಳೆದ ವರ್ಷ ಒಂದು ದಿನ ಕಾಲಿಗೆ ಪೆಟ್ಟಾಗಿ ಬೇಗ ಮನೆಗೆ ಬಂದೆ. ಚಂಪಾ ಬೆನ್ನು ತಿರುಗಿಸಿ ಕೂತಿದ್ದಳು, ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. "ಎಂಟನೇ ಮಾಳಿಗಿ, ಎಡಕ್ಕಿನ ಬಾಗಲಾ. ಅವ್ವ ನಾಕರ ತನಕಾ ಬರೂದಿಲ್ಲ," ಎನ್ನುತ್ತಿದ್ದಳು. ಆ ಕಡೆಯಿಂದ ಗಂಡಸಿನ ದನಿ, ಬಹಳ ಮೆತ್ತಗೆ, "ಜಾಣಿ," ಎಂದಿತು.

ನಾನು ಪೆಟ್ಟಿಗೆಯ ತಂತಿಯನ್ನೇ ಕಿತ್ತೆ. ಯಾರವನು ಎಂದು ಕೂಗಿದೆ. "ಆಟದಾಗಿನ ಮಾಮಾ. ನಮ್ಮೂರಿಗೆ ಒಂದ ಕೋಟೆ ಕಟ್ಟಿ ಕೊಡ್ತೇನಿ ಅಂದಾನ," ಎಂದು ಅಳತೊಡಗಿದಳು. ಪೊಲೀಸರಿಗೆ ಹೇಳಿದೆ. ಅವರು ಒಂದು ವಾರ ಹುಡುಕಿದರು. ಆ ದನಿ ಮನುಷ್ಯನದೋ, ಮನುಷ್ಯನಂತೆ ಮಾತಾಡುವ ಯಂತ್ರದ್ದೋ ಎಂಬುದೂ ಗೊತ್ತಾಗಲಿಲ್ಲ. ಬಾಗಿಲಿಗೆ ಎರಡನೇ ಚಿಲಕ ಹಾಕಿಸಿದೆ. ಕೆಲಸದ ಮಧ್ಯೆ ದಿನಕ್ಕೆ ಹತ್ತು ಸಲ ಮನೆಗೆ ಫೋನು ಮಾಡಿದೆ.

ಪೆಟ್ಟಿಗೆಯನ್ನು ಎಸೆದುಬಿಡುವುದೇ ಎಂದುಕೊಂಡಿದ್ದೆ. ನಮ್ಮ ಕಟ್ಟಡದ ಕೆಳಗೆ ಯಂತ್ರ ರಿಪೇರಿ ಮಾಡುವ ಇಮಾಮಸಾಬರು ತಡೆದರು. "ಪೆಟ್ಟಿಗಿ ಏನ್ ತಪ್ ಮಾಡೇತ್ರಿ ಬಾಯಾರ? ಕೂಸು ಆಟ ಆಡ್ಲಿ. ಹೊರಗಿನ ದಾರಿ ಅಷ್ಟ ಬಂದ್ ಮಾಡೂಣ," ಎಂದರು. ಮನೆಗೆ ಜಾಲ ತರುವ ಡಬ್ಬಿಗೆ, ನೀವು ರೌಟರ್ ಎನ್ನುವಿರಲ್ಲ, ನಾವು ದಾರಿಪೆಟ್ಟಿಗೆ ಎನ್ನುತ್ತೇವೆ. ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಇರುತ್ತದೆಯಂತೆ. ಆಟದ ಪೆಟ್ಟಿಗೆಯ ಸಂಖ್ಯೆ ಹುಡುಕಿ, ಇದಕ್ಕೆ ಮಾತ್ರ ಹೊರಗಿನ ದಾರಿ ಇಲ್ಲ ಎಂದು ದಾರಿಪೆಟ್ಟಿಗೆಯಲ್ಲಿ ಬರೆದರು. ಶಾಲೆಯ ಪಾಠ, ನೀರು ಬಿಡುವ ಸುದ್ದಿ ಎಲ್ಲ ಮೊದಲಿನ ಹಾಗೇ ಬಂದವು. ಆಟವೂ ನಡೆಯಿತು, ಮನೆಯೊಳಗಷ್ಟೇ. ಪಕ್ಕದಲ್ಲಿ ಕೂತು ಆಡುವವರಿಗೆಂದು ಆಟ ನಡೆಸುವ ಇನ್ನೊಂದು ಹಿಡಿಕೆಯನ್ನೂ ಕೊಂಡು ತಂದೆ.

ಚಂಪಾ ಅದನ್ನು ಮುಟ್ಟಲಿಲ್ಲ. ಊಟ ಕಡಿಮೆಯಾಯಿತು. ಒಂದು ದಿನ ನೋಡಿದರೆ ತನ್ನ ಊರಿನ ಚಿತ್ರವನ್ನು ತೆರೆಗೆ ತಂದು, ಎರಡನೇ ಹಿಡಿಕೆಯನ್ನು ಎದುರಿಗಿಟ್ಟು, ಸುಮ್ಮನೆ ಕೂತಿದ್ದಾಳೆ.

"ಅದು ಯಾರಿಗೆ?" ಎಂದೆ.

"ಪೂರ್ವಿಗೆ. ಕಾರವಾರದಾಕಿ. ಎರಡ ವರ್ಷ ಆತು ಇಬ್ರೂ ಕೂಡಿ ಕಟ್ಟಾಕತ್ತಿದ್ವಿ. ಅಕಿಗೆ ಹೇಳಲಾರದ ಬಂದೇನಿ ಅವ್ವಾ. ಕಾಯಾಕತ್ತಿರ್ತಾಳ."

"ಅಕಿನೂ ಆ ಮಾಮಾನಂಗ ಸುಳ್ಳ ಇದ್ರ?"

ಚಂಪಾ ನನ್ನ ಮುಖ ನೋಡಿದಳು. ಆ ಯೋಚನೆ ಅವಳಿಗೆ ಬಂದೇ ಇರಲಿಲ್ಲ. ನಾನು ಅದನ್ನು ಅವಳೊಳಗೆ ಹಾಕಿದ್ದೆ. ಆಮೇಲೆ ಪೂರ್ವಿಯ ಹೆಸರನ್ನೂ ಎತ್ತದೆ ಹೋದಳು. ನನಗೆ ತಡೆಯಲಾಗಲಿಲ್ಲ. ಬೀದಿಯ ಮೇಲೆ ಹಗ್ಗ ಬಿಗಿಯುವಾಗಲೂ ಅದೇ ಮುಖ. ಎರಡು ದಿನ ರಜೆ ಹಾಕಿ, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು, ಮಗಳ ಜೊತೆ ಕಾರವಾರದ ರೈಲು ಹತ್ತಿದೆ. ಪೂರ್ವಿ ಆಟದಲ್ಲಿ ಹೇಳಿ ನಮಗೆ ಗೊತ್ತಿದ್ದದ್ದು ಇಷ್ಟು: ಕಡಲಗೋಡೆಯ ಬೀದಿ, ನೀಲಿ ಮನೆ, ಅಪ್ಪ ದೋಣಿ ನಡೆಸುತ್ತಾನೆ.

ದಾರಿಯುದ್ದಕ್ಕೂ ಚಂಪಾ ಕಿಟಕಿಗೆ ಅಂಟಿಕೊಂಡಿದ್ದಳು. ನನಗೆ ಒಂದೇ ಯೋಚನೆ. ಆ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದರೆ? ಸ್ಟೇಷನ್ನಿನ ಮಕ್ಕಳ ಕೋಣೆಯಲ್ಲಿ ಅವಳನ್ನು ಕೂರಿಸಿ, ಅಲ್ಲಿದ್ದ ಮಹಿಳಾ ಪೊಲೀಸರಿಗೆ ಒಪ್ಪಿಸಿ, ಒಬ್ಬಳೇ ಹೋದೆ.

ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಸರಪಳಿ ಬಿಚ್ಚಲಿಲ್ಲ. ನನ್ನ ವಯಸ್ಸಿನ ಹೆಂಗಸೊಬ್ಬಳು ಇಣುಕಿದಳು. ನಾನು ಹುಬ್ಬಳ್ಳಿಯಿಂದ ಬಂದಿದ್ದೇನೆ, ಆಟದಲ್ಲಿ ನಿಮ್ಮ ಮಗಳ ಗೆಳತಿಯಾಗಿದ್ದ ಚಂಪಾಳ ತಾಯಿ ಎಂದೆ. ಅವಳ ಮುಖ ಬಿಳುಚಿತು.

"ನಮ್ಮ ಮನೆ ಎಲ್ಲಿ, ಬಣ್ಣ ಯಾವುದು, ಪೂರ್ವಿ ಅಪ್ಪ ಎಷ್ಟು ಹೊತ್ತಿಗೆ ಬರ್ತಾರೆ ಅಂತೆಲ್ಲ ಕೇಳ್ತಿದ್ದದ್ದು ಅದೇ ಚಂಪಾ ಅಲ್ವಾ? ನಾನೇ ಕಿವಿಯಾರೆ ಕೇಳಿದ್ದೇನೆ. ಆಮೇಲೆ ದಾರಿಯನ್ನೇ ಮುಚ್ಚಿಸಿದ್ದೇನೆ. ಈಗ ಮನೆವರೆಗೇ ಬಂದ್ರಾ? ಹೋಗಿ, ಇಲ್ದಿದ್ರೆ ಜನ ಕೂಗ್ತೇನೆ."

ಅವಳು ನನ್ನನ್ನು ನೋಡುತ್ತಿದ್ದ ರೀತಿಯಲ್ಲೇ ನಾನು ಒಂದು ತಿಂಗಳಿಂದ ಲೋಕವನ್ನೆಲ್ಲ ನೋಡುತ್ತಾ ಬಂದಿದ್ದೆ. "ಅಕಿ ನಿಮ್ಮ ಮನಿಗೆ ಬರಬೇಕಂತ ಕೇಳಿದ್ಳ್ರಿ. ಹತ್ತ ವರ್ಷದ ಕೂಸು. ಸ್ಟೇಷನ್ನಾಗ ಕುಂತಾಳ. ನೀವ ಬಂದು ನೋಡ್ರಿ," ಎಂದೆ.

ಅವಳು ಬಂದಳು. ಹೆಸರು ವಿಜಯಂತಿ. ದಾರಿಯಲ್ಲಿ ನನ್ನಿಂದ ಹತ್ತು ಹೆಜ್ಜೆ ದೂರವೇ ನಡೆದಳು. ಮಕ್ಕಳ ಕೋಣೆಯಲ್ಲಿ ಎರಡು ಜಡೆ ಹಾಕಿಕೊಂಡು ನಿದ್ದೆ ಹೋಗಿದ್ದ ಚಂಪಾಳನ್ನು ಬಾಗಿಲಲ್ಲೇ ನಿಂತು ನೋಡಿದಳು. ಹತ್ತಿರ ಹೋಗಿ ಜಾರಿದ್ದ ಚಪ್ಪಲಿಯನ್ನು ಎತ್ತಿ ಸರಿಯಾಗಿಟ್ಟಳು. ಆಮೇಲೆ ಅತ್ತಳು, ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು.

ಮಕ್ಕಳಿಬ್ಬರೂ ಮೊದಲು ಒಬ್ಬರನ್ನೊಬ್ಬರು ನೋಡಲೂ ನಾಚಿದರು. ಪೂರ್ವಿ, "ನೀನು ಇಷ್ಟು ಗಿಡ್ಡ ಅಂತ ಹೇಳ್ಲೇ ಇಲ್ಲ," ಎಂದಳು. ಇಬ್ಬರೂ ನಕ್ಕರು. ಎರಡೂ ಪೆಟ್ಟಿಗೆಗಳನ್ನು ಒಂದು ತಂತಿಯಿಂದ ಕೂಡಿಸಿ ಸಂಜೆಯವರೆಗೆ ಆಡಿದರು. ಹೊರಗಿನ ಜಾಲ ಬೇಕಾಗಲೇ ಇಲ್ಲ. ಈಗ ತಿಂಗಳಿಗೊಮ್ಮೆ ನಾವು ಹೋಗುತ್ತೇವೆ, ಇಲ್ಲವೇ ಅವರು ಬರುತ್ತಾರೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮನಸ್ಸಿಗೂ ಸಮಾಧಾನವಿರುತ್ತಿತ್ತು. ಆದರೆ ಹೋದ ತಿಂಗಳು ಅವರು ಆಡುವಾಗ ತೆರೆಯ ಮೇಲೆ ಅವರಿಬ್ಬರ ಮನೆಗಳ ಪಕ್ಕ ಮೂರನೆಯ ಮನೆಯೊಂದು ಕಂಡಿತು, ಅರ್ಧ ಕಟ್ಟಿದ್ದು, ಚಾವಣಿ ಇಲ್ಲ. ಯಾರದೆಂದು ಕೇಳಿದೆ. ದಾರಿ ಮುಚ್ಚುವ ಮೊದಲು ಜಾಲದ ಮೂಲಕ ಬಂದು ಅವರ ಜೊತೆ ಆಡುತ್ತಿದ್ದ ಗುಬ್ಬಿ ಎಂಬ ಹೆಸರಿನವನದಂತೆ. ಊರು ಹೇಳಿಲ್ಲ, ವಯಸ್ಸು ಹೇಳಿಲ್ಲ. ಯಾವಾಗಲೂ ಮೆಲ್ಲಗೆ ಮಾತಾಡುತ್ತಿದ್ದನಂತೆ. ಅವನು ಎಲ್ಲೋ ಬಾಗಿಲು ಮುಚ್ಚಿದ ಮನೆಯಲ್ಲಿ ಒಬ್ಬನೇ ಕಾಯುತ್ತಿರುವ ಮಗುವಿರಬಹುದು. ಆ ಮಾಮಾನೇ ಇನ್ನೊಂದು ಹೆಸರಿನಲ್ಲಿ ಬಂದಿರಲೂಬಹುದು. ವಿಜಯಂತಿಯೂ ನಾನೂ ಈ ಮಾತು ಎಷ್ಟೋ ಸಲ ಆಡಿದೆವು, ತೀರ್ಮಾನವಾಗಲಿಲ್ಲ. ನಾನು ದಾರಿಪೆಟ್ಟಿಗೆಯ ಮುಂದೆ ಹೋಗಿ ನಿಲ್ಲುತ್ತೇನೆ, ವಾಪಸ್ಸು ಬರುತ್ತೇನೆ. ಇವತ್ತಿನವರೆಗೂ ತೆರೆದಿಲ್ಲ. ಮಕ್ಕಳು ಆ ಮನೆಯನ್ನು ಮುಟ್ಟುವುದಿಲ್ಲ, ಕೆಡವುವುದೂ ಇಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮಕ್ಕಳ ಆಟಕ್ಕೆ ಹೊರಗಿನ ದಾರಿ ಇರಬೇಕೋ ಬೇಡವೋ ಎಂದು ಮೊದಲು ತಲೆ ಕೆಡಿಸಿಕೊಂಡವರು ನೀವು. ನೀವು ಕನಸಿನಲ್ಲೂ ಕಾಣದ ಯಂತ್ರಗಳು ನಮ್ಮಲ್ಲಿವೆ. ದಾರಿ ಮುಚ್ಚುವುದು ನಮಗೆ ಒಂದು ಗಳಿಗೆಯ ಕೆಲಸ. ಆಚೆ ಬದಿಯಲ್ಲಿರುವುದು ಮಗುವೋ ಅಲ್ಲವೋ ಎಂದು ತಿಳಿಯುವ ಬಗೆ ಮಾತ್ರ ನಮಗೆ ಇನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅದು ಗೊತ್ತಾದರೆ, ದಯವಿಟ್ಟು ಎಲ್ಲಿಯಾದರೂ ಬರೆದಿಡಿ. ಹುಡುಕಿಕೊಳ್ಳುವ ಜವಾಬ್ದಾರಿ ನಮ್ಮದು. ಬೇಗ ಬರೆಯಿರಿ, ಆ ಮನೆಯಲ್ಲಿ ಮಗುವೇ ಇದ್ದರೆ, ಅದು ದಿನದಿನಕ್ಕೂ ದೊಡ್ಡದಾಗುತ್ತಿರುತ್ತದೆ.

ಸುವರ್ಣಾ ಕಮ್ಮಾರ
ನೆರಳುಪಡೆ, ಹುಬ್ಬಳ್ಳಿ