ದೇವರ ಕೋಣೆಯ ಚಾರ್ಜರ್

10-1-84, ಮಧ್ಯಾಹ್ನ

ರೀ,

ಬಂದವರೇ ಬೀಡಿ ಹಚ್ಚಬೇಡಿ. ಮೊದಲು ದೇವರ ಕೋಣೆಯ ಕಿಟಕಿ ತೆಗೆಯಿರಿ. ಕಾರಿನ ಬ್ಯಾಟರಿ ಇನ್ನೂ ಚಾರ್ಜಿಗೇ ಇದೆ. ನಾಳೆ ಪಾವಗಡದ ಬಾಡಿಗೆ ತಪ್ಪಿದರೆ ಅದಕ್ಕೂ ನನ್ನನ್ನೇ ಅನ್ನುತ್ತೀರಿ, ಅದಕ್ಕೇ ಮುಟ್ಟಿಲ್ಲ. ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ ಕೀಳಿ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತೆ, ಚಾರ್ಜರನ್ನು ಜಗಲಿಯ ಮೇಲೆ, ಗಾಳಿ ಆಡುವ ಕಡೆ ಇಡಿ ಅಂತ ಶಿರಾದ ಬ್ಯಾಟರಿ ಅಂಗಡಿಯವನು ನನ್ನ ಮುಂದೆಯೇ ಹೇಳಿದ್ದ. ಪ್ಲಗ್ ಇರುವುದು ದೇವರ ಕೋಣೆಯಲ್ಲಿ ಅಂತ ನೀವು ಅಲ್ಲೇ ಗೋಡೆಗೆ ಮೊಳೆ ಹೊಡೆದು ತಗುಲಿಹಾಕಿದಿರಿ. ನಿನ್ನೆ ಸಂಜೆ ಅತ್ತೆ ದೀಪಕ್ಕೆ ಕಡ್ಡಿ ಗೀರಿದಾಗ ಬ್ಯಾಟರಿಯ ಬಾಯಲ್ಲಿ ಭಗ್ಗನೆ ಉರಿ ಎದ್ದು ಆ್ಯಸಿಡ್ ಹಾರಿತಲ್ಲ, ಅವರು ತಲೆಗೆ ಹೊದ್ದಿದ್ದ ಸೆರಗು ತೂತು ತೂತಾಗಿದೆ. ಹಗ್ಗದ ಮೇಲೆ ಹಾಕಿದ್ದೇನೆ, ನೋಡಿ. ಎರಡು ಬೆರಳು ಈಚೆಗಾಗಿದ್ದರೆ ಕಣ್ಣು ಹೋಗುತ್ತಿತ್ತು. ನೀವೋ, "ಏನೂ ಆಗಕ್ಕಿಲ್ಲ ಬುಡು" ಅಂತ ಬೆಳಿಗ್ಗೆ ಮತ್ತೆ ಅಲ್ಲೇ ಹಾಕಿ ಹೋದಿರಿ.

ಅತ್ತೆ ಏನಂತಾರೆ ಗೊತ್ತೇ? "ದ್ಯಾವ್ರು ಮುನಿಸ್ಕೊಂಡವ್ನೆ ಕಣಮ್ಮ, ಇವತ್ತು ಐದು ದೀಪ ಹಚ್ತೀನಿ." ಆಗಲೇ ಬತ್ತಿ ಹೊಸೆದಿಟ್ಟಿದ್ದಾರೆ. ಬೇಡ ಅಂದರೆ ಕೇಳುವವರಲ್ಲ, ನಿಮ್ಮ ತಾಯಿ ತಾನೇ.

ಅವರನ್ನು ಕರೆದುಕೊಂಡು ಮೂರೂವರೆ ಬಸ್ಸಿಗೆ ತಾವರೆಕೆರೆಯ ನಮ್ಮಣ್ಣನ ಮನೆಗೆ ಹೊರಟಿದ್ದೇನೆ. ಮುದ್ದೆ ಮುಚ್ಚಿಟ್ಟಿದ್ದೇನೆ. ಹುರುಳಿ ಸಾರು ತಣ್ಣಗೇ ಉಣ್ಣಿ, ಒಲೆ ಹಚ್ಚಬೇಡಿ.

ಚಾರ್ಜರ್ ಕದಲಿಸಬೇಡ ಅಂದಿದ್ದಿರಿ, ಕದಲಿಸಿಲ್ಲ. ದೇವರ ಪಟವನ್ನೇ ಇಳಿಸಿ, ಸೀರೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೇನೆ. ಚಾರ್ಜರ್ ಜಗಲಿಗೆ ಹೋದ ದಿನ ಬಂದು ಮೂವರನ್ನೂ ಕರೆದುಕೊಂಡು ಹೋಗಿ.

ಕದರಮ್ಮ