ದೋಣಿಯಲ್ಲಿ ಮೊಟ್ಟೆ ಇಟ್ಟವಳು

ಹೊಳೆಬಾಯಿ
ಶಾಲಿವಾಹನ ಶಕ ೨೧೪೯, ವೈಶಾಖ ಶುದ್ಧ ಪಂಚಮಿ

ದುರ್ಬೀನು ಕೆಳಗಿಟ್ಟು ಇದನ್ನು ಓದಿ. ಹಕ್ಕಿ ನೋಡಲು ಬಂದವರು ಹಕ್ಕಿಯ ಹಾಸಿಗೆಯ ಮೇಲೇ ಕೂತುಕೊಳ್ಳುತ್ತೀರಲ್ಲ, ನಾಚಿಕೆಯಾಗಬೇಕು. ವಯಸ್ಸಿನಲ್ಲಿ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿಯರು. ಬುದ್ಧಿಗೆ ಮಾತ್ರ ಇನ್ನೂ ಹಾಲುಹಲ್ಲು ಬಿದ್ದಿಲ್ಲ. ನಾನು ಮೂರನೇ ಇಯತ್ತೆ ಓದಿದವಳು. ಕೆಲವು ಶಬ್ದ ತಿಳಿಯದಿದ್ದರೆ ತಾಳಿಕೊಳ್ಳಿ. ಇದು ಹಿಂಟಪಾಲು, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ವರ್ಷಕ್ಕೆ ಮನೆಗೊಂದೇ ಕಾಗದ. ನನ್ನ ಪಾಲಿನದನ್ನು ನಿಮಗೆ ಬೈಯಲು ಬಳಸುತ್ತಿದ್ದೇನೆ.

ನಿಮ್ಮ ಫೋಟೋ ನಮ್ಮ ಕಿಂಡಿಮನೆಯ ಗೋಡೆಯಲ್ಲಿದೆ. ಬೇಸಿಗೆ ರಜೆ, ಬಣ್ಣದ ಕೊಡೆ, ಹೊಳೆಬಾಯಿಯ ಮರಳದಿಬ್ಬದ ಮೇಲೆ ಜೀಪು. ತಲೆಯ ಮೇಲೆ ಬಿಳಿ ಕಡಲಹಕ್ಕಿಗಳು ಸುತ್ತುತ್ತಿವೆ, ನೀವು ಬೆರಳು ತೋರಿಸಿ ನಗುತ್ತಿದ್ದೀರಿ. ಅವು ಕುಣಿಯುತ್ತಿರಲಿಲ್ಲ, ಮಾರಾಯರೇ. ನಿಮ್ಮ ಚಾಪೆಯ ಕೆಳಗೆ ಅವುಗಳ ಮೊಟ್ಟೆಯಿತ್ತು. ಆಮೇಲೆ ಆ ದಿಬ್ಬವನ್ನೂ ಲಾರಿಯಲ್ಲಿ ಹೇರಿಕೊಂಡು ಹೋದಿರಿ.

ಈಗ ನಮಗೆ ಚೈತ್ರದಿಂದ ಜ್ಯೇಷ್ಠದವರೆಗೆ ಮೊಟ್ಟೆಗಾಲ. ಕಡಲ ದಂಡೆಗೆ ಕಾಲಿಡುವಂತಿಲ್ಲ. ಕಿಂಡಿಮನೆ ಎಂದರೆ ಮಣ್ಣುಗೋಡೆ, ಅದಕ್ಕೊಂದು ತೂತು. ಅದರಲ್ಲೇ ಕಣ್ಣಿಟ್ಟು ನೋಡುತ್ತೇವೆ. ನಾವು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರುನಾಯಿ ಏಡಿ ಜಗಿಯುತ್ತದೆ. ಡಾಲ್ಫಿನ್ ತನ್ನ ಮರಿಯನ್ನು ಮೂತಿಯಿಂದ ಮೇಲಕ್ಕೆತ್ತಿ ಉಸಿರಾಡಿಸುತ್ತದೆ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಸೆಕೆಯಲ್ಲಿ ಒಲೆಯ ಹೊಗೆ ಕುಡಿಯುತ್ತ ಒಂದು ಕಿಂಡಿಗೆ ಏಳು ತಲೆ ತೂರಿಸಿ ಮೂರು ತಿಂಗಳು ಕೂತು ನೋಡಿ, ಚೆಂದ ಎಷ್ಟು ದಿನ ಉಳಿಯುತ್ತದೆ ಎಂದು. ಊರಿನ ದೋಣಿಗಳನ್ನೆಲ್ಲ ಬಿಚ್ಚಿ ಹಲಗೆ ಮಾಡಿ ಅಟ್ಟಕ್ಕೆ ಏರಿಸಿರುತ್ತಾರೆ. ಸೂಲಗಿತ್ತಿಯೆಂದು ನನ್ನದೊಂದನ್ನು ಬಿಟ್ಟಿದ್ದರು. ಗಾಳಿಗೆ ಮಗುಚದಿರಲೆಂದು ಅದರೊಳಗೆ ನಾನೇ ಮರಳು ತುಂಬಿದೆ. ಹಕ್ಕಿ ಅದನ್ನೇ ದಿಬ್ಬವೆಂದುಕೊಂಡು ಎರಡು ಮೊಟ್ಟೆ ಇಟ್ಟಿದೆ.

ಹೊಳೆಯಾಚೆ ಮೊಮ್ಮಗಳು ಮಂಕಾಳಿಗೆ ದಿನ ತುಂಬಿದೆ. ಮಗು ಅಡ್ಡ ತಿರುಗಿದೆ. ಅದನ್ನು ಸರಿಮಾಡುವ ಕೈ ಈ ಸೀಮೆಯಲ್ಲಿ ನನ್ನದೊಂದೇ. ಸೇತುವೆ ನನ್ನಮ್ಮನ ಕಾಲಕ್ಕೇ ನೀರುಪಾಲಾಯಿತು. ನೋವು ಇನ್ನೂ ಬಂದಿಲ್ಲ ಎಂದು ತಿಳಿಸಲು ಅವಳು ದಿನಾ ಬೆಳಿಗ್ಗೆ ಆಚೆ ದಂಡೆಯಿಂದ ಕೆಂಪು ಸೀರೆ ಬೀಸುತ್ತಾಳೆ. ಮೊಟ್ಟೆಯೊಡೆದು ಮರಿ ಹಾರಲು ತಿಂಗಳ ಮೇಲೆ ಬೇಕು.

ಊರ ಯಜಮಾನನನ್ನು ಕೇಳಿದೆ. "ದೋಣಿ ನಿಂದೇ, ತಕಂಡು ಹೋಗು. ಹೆತ್ತು ಮಲಗಿದವಳನ್ನ ಎಬ್ಸೂಕೆ ನಿಂಗೆ ಮನಸ್ ಬರ್ತದ್ಯೇ, ಸಾವಂತ್ರಕ್ಕ?" ಎಂದ. ಬಾಣಂತಿಯನ್ನು ಎಬ್ಬಿಸಬಾರದೆಂದು ನಲವತ್ತು ವರ್ಷ ಊರಿಗೆ ಹೇಳಿಕೊಟ್ಟವಳು ನಾನು. ಹಾಳಾದವನು ನನಗೇ ತಿರುಗಿಸಿದ. ನಿನ್ನೆ ಹುಟ್ಟು ಹಿಡಿದು ದೋಣಿಯ ತನಕ ಹೋದೆ. ಹಕ್ಕಿ ಏಳಲಿಲ್ಲ. ಕೂತಲ್ಲೇ ಕೊಕ್ಕು ತೆರೆದು ಬೈಯಿತು. ತಿರುಗಿ ಬಂದೆ. ಇವತ್ತು ಸೀರೆ ಬಹಳ ತಡವಾಗಿ ಕಾಣಿಸಿತು.

ನೀವು ಅಲ್ಲಿಂದ ಎದ್ದರೆ ದಿಬ್ಬ ಉಳಿಯುತ್ತದೆ. ದಿಬ್ಬ ಉಳಿದರೆ ನನ್ನ ದೋಣಿ ಖಾಲಿ. ಜೀಪು ತೆಗೆಯಿರಿ, ಲಾರಿಯವರನ್ನು ತಡೆಯಿರಿ, ಜ್ಯೇಷ್ಠ ಬರುವ ಮೊದಲು "ಎದ್ದೆವು" ಎಂದು ಮೂರಕ್ಷರ ಆ ಫೋಟೋದ ಬೆನ್ನಿಗೆ ಬರೆದಿಡಿ, ಇಲ್ಲಿ ಗೋಡೆಯಿಂದ ತೆಗೆದು ಓದಿಕೊಳ್ಳುತ್ತೇನೆ.

ಸಾವಂತ್ರಿ ಅಂಬಿಗ