ಪೂಜೆಯಾದ ಎಂಜಿನ್

ಹೊಳಲ್ಕೆರೆ, ೧೪ ಫೆಬ್ರವರಿ ೨೦೨೫
ಶುಕ್ರವಾರ, ಶೆಡ್ಡಿನಿಂದ

ಅಪ್ಪಾಜಿಯವರಿಗೆ ರೇಣುಕಾಳ ನಮಸ್ಕಾರಗಳು.

ಫೋನ್ ಮಾಡಿದರೆ ತಮ್ಮ ಹಾಲೇಶ್‌ಗೆ ಕೇಳಿಸುತ್ತದೆ, ಅದಕ್ಕೇ ಈ ಪತ್ರವನ್ನು ನೀವಿರುವ ತಾಳ್ಯದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಭಾನುವಾರ ಹಳೆಯ ಕಾರುಗಳ ರೇಸಿನಲ್ಲಿ ಹಾಲೇಶ್ ನಮ್ಮ ಕೆಂಪು ಸ್ಪೋರ್ಟ್ಸ್ ಕಾರನ್ನು ತಾನೇ ಓಡಿಸುತ್ತಾನೆ. ಅದನ್ನು ಒಯ್ಯಲು ನಾಳೆ ಮಧ್ಯಾಹ್ನ ಲಾರಿ ಬರುತ್ತದೆ.

ಇವತ್ತು ಬೆಳಗ್ಗೆ ಟ್ಯೂನಿಂಗ್ ಮುಗಿದು ಪೂಜೆಯೂ ಆದ ಮೇಲೆ ಎಂಜಿನನ್ನು ಜೋರಾಗಿ ಓಡಿಸಿದೆವು. ತಳದಿಂದ ಟಕಟಕ ಸದ್ದು ಬಂತು. ಆಯಿಲ್ ನೋಡುವ ಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿದರೆ ಲೋಹದ ಪುಡಿ ಹೊಳೆಯಿತು. ಒಳಗೆ ಬೇರಿಂಗ್ ಸವೆಯುತ್ತಿದೆ. ರೇಸಿನ ವೇಗಕ್ಕೆ ಪಿಸ್ಟನ್ನಿನ ರಾಡ್ ಮುರಿದು ಎಂಜಿನ್ನಿನ ಗೋಡೆ ಒಡೆದರೆ ಆಯಿಲ್ ಹಿಂದಿನ ಚಕ್ರಗಳಿಗೆ ಚೆಲ್ಲುತ್ತದೆ, ಆಮೇಲೆ ಕಾರು ಯಾರ ಹಿಡಿತಕ್ಕೂ ಸಿಗುವುದಿಲ್ಲ. ಹಾಲೇಶ್‌ಗೆ ಬಟ್ಟೆ ತೋರಿಸಿದೆ. ನಕ್ಕ.

“ಏ ಅಕ್ಕ, ಮುದುಕಿ ಎಂಜಿನ್ನು, ಒಂಚೂರು ಕೆಮ್ಮುತೈತೆ ಬಿಡು. ಪೂಜೆ ಆದ್ಮೇಲೆ ಸ್ಪ್ಯಾನರ್ ಹಾಕಬ್ಯಾಡ್ರಿ ಅಂತ ಅಪ್ಪಾಜೀನೇ ಹೇಳ್ಯಾರಲ್ಲ. ನೀನೇನು ಅವರಿಗಿಂತ ದೊಡ್ಡೋಳಾ?”

ನಿಮ್ಮ ಆ ಮಾತನ್ನು ನಾನು ಈವರೆಗೆ ಮೀರಿಲ್ಲ. ಆದರೆ ಅವನ ಹೊಸ ಹೆಲ್ಮೆಟ್ ಬೆಂಚಿನ ಮೇಲಿದೆ, ಅದರತ್ತ ನೋಡಲಾಗುತ್ತಿಲ್ಲ.

ನಾಳೆ ಬೆಳಗ್ಗೆ ಅವನು ಟೈರ್ ತರಲು ಚಿತ್ರದುರ್ಗಕ್ಕೆ ಹೋಗುತ್ತಾನೆ. ನೀವು ಮೊದಲ ಬಸ್ಸಿಗೆ ಬನ್ನಿ. ಅವನು ತಿರುಗಿ ಬರುವಾಗ ಶೆಡ್ಡಿನಲ್ಲಿರಿ. ಅವನ ಸಿಟ್ಟು ನಿಮಗೆ ಗೊತ್ತು. ಬಿ.ಪಿ. ಮಾತ್ರೆ ಮರೆಯಬೇಡಿ.

ನಿಮಗೆ ಬರಲಾಗದಿದ್ದರೂ, ಬಂದು ಬೇಡವೆಂದರೂ, ಅವನ ವ್ಯಾನು ಗೇಟು ದಾಟಿದ ಕೂಡಲೇ ನಾನು ಎಂಜಿನ್ ಬಿಚ್ಚುತ್ತೇನೆ. ಭಾನುವಾರದೊಳಗೆ ಅದನ್ನು ಮತ್ತೆ ಜೋಡಿಸಲಾಗದು.

ನಿಮ್ಮ ಮಗಳು
ರೇಣುಕಾ